ಮೇಕೆ ತಿಂದ ಕೊನೆಯ ಪುಟಗಳು

ಲೈಬ್ರರಿಯಲ್ಲಿ ಕೆಲಸ ಮಾಡಿ ರಿಟೈರಾದವನು ಅಂದರೆ ಜನ ನನ್ನನ್ನು ಪಾಪ ಅನ್ನೋ ಹಾಗೆ ನೋಡುತ್ತಾರೆ. ಧೂಳು, ನಿಶ್ಶಬ್ದ, ಕಿರ್ರೋ ಅನ್ನುವ ಒಂದು ಫ್ಯಾನು, ಅಲ್ಲಿ ನಗೋದಕ್ಕೆ ಏನಿರುತ್ತೆ ಅಂತ ಅವರ ಲೆಕ್ಕ. ನಾನು ಹೇಳೋದು ಇಷ್ಟೇ. ಒಂದು ಕಾದಂಬರಿಯನ್ನು ಒಬ್ಬ ಮನುಷ್ಯನ ಕೈಗೆ ಕೊಟ್ಟು ಎಂಟು ದಿನ ಸುಮ್ಮನಿರಿ. ಒಂಬತ್ತನೇ ದಿನ ಅವನ ಮನೇಲಿ ಏನಾದರೊಂದು ಆಗಿಯೇ ಆಗಿರುತ್ತೆ, ಅದರ ದೂರು ನಿಮ್ಮ ಟೇಬಲ್ಲಿಗೆ ಬಂದೇ ಬರುತ್ತೆ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಕಡೆ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಬೀಗ ಬೀಳಬೇಕಾಗಿದ್ದ ಒಂದು ಲೈಬ್ರರಿ ಹೀಗೆ ಉಳಿದುಕೊಂಡದ್ದನ್ನೂ ಕಂಡಿದ್ದೇನೆ. ಅದನ್ನು ಕೊನೆಗೆ ಹೇಳುತ್ತೇನೆ.

೧. ಕೊಂದವನು ಯಾರು?

ತೊಂಬತ್ತರ ದಶಕದ ಶುರು. ಚಳ್ಳಕೆರೆಯ ಎಣ್ಣೆ ಗಿರಣಿಗಳ ಶೇಂಗಾ ವಾಸನೆ ಮಧ್ಯಾಹ್ನ ಕಿಟಕಿಯಿಂದ ಒಳಗೆ ಬರುತ್ತಿತ್ತು. ಅದರ ಹಿಂದೆಯೇ ಗಿರಣಿಯವರು, ಮಂಡಿಯವರು ಬರುತ್ತಿದ್ದರು. ಎಲ್ಲರಿಗೂ ಬೇಕಾದದ್ದು ಪತ್ತೇದಾರಿ ಕಾದಂಬರಿ.

ಒಂದು ದಿನ ಮಂಡಿ ವರ್ತಕರೊಬ್ಬರು ಪುಸ್ತಕವನ್ನು ಟೇಬಲ್ ಮೇಲೆ ಕುಕ್ಕಿದರು. "ಏನ್ ಸಾರ್ ಇದು? ಎಲೆ ಹಾಕೋಕ್ ಮುಂಚೇನೇ ಕೈ ತೊಳೆಸಿಬಿಟ್ರಲ್ಲ!"

ತೆಗೆದು ನೋಡಿದೆ. ಮೊದಲನೇ ಪುಟದಲ್ಲಿ ಪೆನ್ಸಿಲಿನಲ್ಲಿ ದುಂಡಗೆ ಬರೆದಿತ್ತು: 'ಕೊಂದವನು ಡಾಕ್ಟರ್.' ಉಳಿದ ಪತ್ತೇದಾರಿ ಪುಸ್ತಕಗಳನ್ನೂ ತೆಗೆದೆ. ಎಲ್ಲದರಲ್ಲೂ ಹಾಗೇ. ಕರಿಹಲಗೆ ಮೇಲೆ ಬರೆದು ಪಳಗಿದ ಕೈ ಅದು. ನನಗೆ ಅನುಮಾನ ಬಂದದ್ದು ರಿಟೈರಾದ ಹೆಡ್‌ಮಾಸ್ಟರೊಬ್ಬರ ಮೇಲೆ. ಹೊಸ ಪುಸ್ತಕ ಯಾವುದು ಬಂದರೂ ಮೊದಲು ಅವರಿಗೇ ಬೇಕು. ಹಿರಿಯರು, ಮುಖಕ್ಕೆ ಹೇಳೋ ಹಾಗಿಲ್ಲ.

ಅದಕ್ಕೆ ಒಂದು ಉಪಾಯ ಮಾಡಿದೆ. ಹೊಸ ಪುಸ್ತಕ ಬಂದಾಗ ನಾನೇ ಮೊದಲು ಓದಿ, ಎಡಗೈಯಲ್ಲಿ ಸೊಟ್ಟಸೊಟ್ಟಗೆ 'ಕೊಂದವನು ವಕೀಲ' ಅಂತ ಬರೆದು ಅವರಿಗೆ ಕೊಟ್ಟೆ. ಮೂರನೇ ದಿನ ಬಂದರು ನೋಡಿ, ಬಾಗಿಲಲ್ಲೇ ಗುಡುಗು.

"ಯಾವನ್ರೀ ಇದನ್ನ ಬರ್ದೋನು? ಪುಸ್ತಕದಲ್ಲಿ ಬರ್ಯೋದೇ ತಪ್ಪು, ಅದ್ರಲ್ಲೂ ಸುಳ್ಳು ಬರ್ಯೋದಾ? ಕೊಂದಿರೋದು ವಕೀಲ ಅಲ್ಲ ಕಣ್ರೀ, ಡ್ರೈವರು!"

ಐನೂರು ಹುಡುಗರನ್ನು ಮೈಕಿಲ್ಲದೆ ಸುಮ್ಮನಾಗಿಸಿದ ಗಂಟಲು ಅದು. ಅದೇ ಪುಸ್ತಕಕ್ಕಾಗಿ ಬೆಂಚಿನ ಮೇಲೆ ಕಾಯುತ್ತಿದ್ದ ಮೂವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು. ಅಂದಿನಿಂದ ಪೆನ್ಸಿಲ್ ಬರಹವೇನೋ ನಿಂತಿತು. ಬರೆಯುವ ಅಗತ್ಯವೇ ಬೀಳಲಿಲ್ಲ, ಹೆಡ್‌ಮಾಸ್ಟರು ಬಾಯಲ್ಲೇ ಹೇಳೋದಕ್ಕೆ ಶುರು ಮಾಡಿದ್ದರು.

೨. ಕಾಫಿ ಮಾಡಿಕೊಡುವ ಅತ್ತೆ

ಆಮೇಲೆ ನನ್ನನ್ನು ಮೊಳಕಾಲ್ಮೂರಿನ ಶಾಖೆಗೆ ಹಾಕಿದರು. ಎರಡು ಕೋಣೆ, ಆರು ಬೀರು. ಹೊರಡುವಾಗಲೇ ಮೇಲಿನವರು ಎಚ್ಚರಿಸಿದ್ದರು. "ಅಲ್ಲಿ ರಿಜಿಸ್ಟರಲ್ಲಿ ಇರೋ ಓದುಗರು ಬರೀ ಒಂಬತ್ತು ಜನ. ಹೀಗೇ ಆದ್ರೆ ಬೀಗ ಹಾಕಿಬಿಡ್ತೀವಿ."

ಹೋಗಿ ನೋಡಿದರೆ ಕಥೆಯೇ ಬೇರೆ. ಊರಲ್ಲಿ ಮನೆಮನೆಗೂ ಮಗ್ಗ. ರೇಷ್ಮೆ ಸೀರೆ ನೇಯುವವರ ಕೈ, ಕಾಲು, ಕಣ್ಣು ಮೂರಕ್ಕೂ ಬಿಡುವಿಲ್ಲ. ಬಿಡುವಾಗಿರೋದು ಕಿವಿ ಒಂದೇ. ಹಾಗಾಗಿ ಬೀದಿಗೊಬ್ಬರು ಕಾರ್ಡು ಮಾಡಿಸಿ ಪುಸ್ತಕ ಒಯ್ಯೋದು, ನಡುಮನೆಯಲ್ಲಿ ಕೂತು ಗಟ್ಟಿಯಾಗಿ ಓದೋದು, ಅಕ್ಕಪಕ್ಕದ ಮಗ್ಗದವರೆಲ್ಲ ಬಾಗಿಲು ತೆಗೆದಿಟ್ಟುಕೊಂಡು ಕೇಳೋದು. ಒಬ್ಬರು ಓದಿದರೆ ಇಪ್ಪತ್ತು ಜನ ಓದಿದ ಹಾಗೆ!

"ಎಲ್ಲಾರೂ ಒಂದೊಂದು ಕಾರ್ಡ್ ಮಾಡಿಸ್ರಪ್ಪ, ಶಾಖೆ ಉಳೀತದೆ" ಅಂತ ನಾನು ಬೀದಿ ಬೀದಿ ತಿರುಗಿದೆ. ಒಬ್ಬ ನೇಕಾರ ಮಗ್ಗ ನಿಲ್ಲಿಸದೆ ಕೇಳಿದ, "ಕಾರ್ಡು ಕಣ್ಣಿಗಲ್ವಾ ಸಾರ್? ಕಿವಿಗ್ಯಾಕೆ?" ನಾನು ಖಾಲಿ ಕಾರ್ಡುಗಳನ್ನು ಜೇಬಿಗಿಟ್ಟುಕೊಂಡು ಮುಂದಿನ ಮನೆಗೆ ಹೋದೆ.

ಒಂದು ಬೀದಿಯಲ್ಲಿ ಓದುತ್ತಿದ್ದವಳು ಪಿಯುಸಿ ಮುಗಿಸಿದ್ದ ಒಬ್ಬ ಸೊಸೆ. ಅವಳ ಅತ್ತೆ ಪಕ್ಕದಲ್ಲೇ ಕೂತು ರೇಷ್ಮೆ ಎಳೆ ಸುತ್ತುತ್ತ ಕೇಳುವವಳು. ಮನೇಲಿ ತೆಲುಗು, ಹೊರಗೆ ಕನ್ನಡ, ಅಕ್ಷರದ ಗೊಡವೆ ಇಲ್ಲ. ಒಂದು ದಿನ ಆ ಅತ್ತೆಯೇ ಲೈಬ್ರರಿಗೆ ಬಂದಳು.

"ಏಮಯ್ಯಾ, ಈ ಬುಕ್ಕು ಭಾಳ ಚೆನ್ನಾಗೈತೆ. ಇಂಥದ್ದೇ ಇನ್ನೊಂದು ಕೊಡು."

"ಏನು ಚೆನ್ನಾಗೈತೆ ಅಮ್ಮಾ ಅದ್ರಲ್ಲಿ?"

"ಅದ್ರಾಗೆ ಒಬ್ಬಳು ಅತ್ತೆ ಅವಳೆ ನೋಡು, ದೇವರಂಥೋಳು. ಸೊಸೆ ಸಾಕಾಗಿ ಕೂತ್ಲು ಅಂದ್ರೆ ಸಾಕು, ಎದ್ದೋಗಿ ಕಾಫಿ ಮಾಡ್ಕೊಂಡು ಬಂದು ಕೈಗೆ ಕೊಡ್ತಾಳೆ. ಪ್ರತಿ ಅಧ್ಯಾಯದಾಗೂ ಕೊಡ್ತಾಳೆ! ಬೀದಿಯೋರೆಲ್ಲ ಕೇಳಿ ನನ್ನ ಮುಖ ನೋಡ್ತಾರೆ. ನಾನೇನು ಕಮ್ಮಿನಾ? ಈಗ ದಿನಾ ಎರಡು ಸಲ ಮಾಡಿಕೊಡ್ತಾ ಇದೀನಿ."

ನಾನು ನಗು ಬರದ ಹಾಗೆ ಹಲ್ಲು ಕಚ್ಚಿಕೊಂಡು ಇನ್ನೊಂದು ಕಾದಂಬರಿ ಕೊಟ್ಟು ಕಳಿಸಿದೆ. ಅವಳು ವಾಪಸು ತಂದ ಪುಸ್ತಕವನ್ನು ನಾನು ಎರಡು ಸಲ ಓದಿದ್ದೆ. ಅದರಲ್ಲಿ ಅತ್ತೆ ಮೂರನೇ ಪುಟದಲ್ಲೇ ಸತ್ತುಹೋಗಿದ್ದಳು.

೩. ನವಿಲಿನ ಮೂರನೇ ಕಾಲು

ಆ ಬೀದಿಗೆ ಕೆಲಸ ಕೊಡುತ್ತಿದ್ದ ಸೀರೆ ವ್ಯಾಪಾರಿ ಒಂದು ದಿನ ಏದುಸಿರು ಬಿಡುತ್ತ ಬಂದರು.

"ಸ್ವಾಮೀ, ನಿಮ್ಮ ಕಾಲಿಗೆ ಬೀಳ್ತೀನಿ, ಅವರಿಗೆ ಒಂದು ಕೆಟ್ಟ ಪುಸ್ತಕ ಕೊಡಿ. ಮೊನ್ನೆ ನಿಮ್ಮ ಕಾದಂಬರಿ ಹುಡುಗಿ ಬಾವಿ ಕಟ್ಟೆ ಹತ್ತಿದ್ಲಂತೆ, ಏಳು ಮಗ್ಗ ಏಕ್‌ದಂ ಬಂದ್! ಇಳಿಯೋ ತನಕ ಒಬ್ರೂ ಲಾಳಿ ಮುಟ್ಲಿಲ್ಲ. ಅತ್ಲಾಗೆ ಮದುವೆ ಮನೆಯೋರು ಸೀರೆ ಎಲ್ಲಿ ಅಂತ ಬಾಗಿಲಲ್ಲಿ ಕೂತವ್ರೆ."

ನನಗೂ ಅಯ್ಯೋ ಅನ್ನಿಸಿತು. ಗೊಬ್ಬರ ಮತ್ತು ಮಣ್ಣಿನ ಬಗ್ಗೆ ಒಂದು ದಪ್ಪ ಪುಸ್ತಕವಿತ್ತು, ಬಂದಾಗಿನಿಂದ ಯಾರೂ ಮುಟ್ಟಿರಲಿಲ್ಲ. ಅದನ್ನು ಕಳಿಸಿಕೊಟ್ಟೆ. ವಾರ ಕಳೆಯಿತು. ವ್ಯಾಪಾರಿ ಒಂದು ಸೀರೆ ಹಿಡಿದುಕೊಂಡು ಮತ್ತೆ ಬಂದರು. ಸೆರಗು ಬಿಚ್ಚಿ ಟೇಬಲ್ ಮೇಲೆ ಹರಡಿದರು. ಸಾಲಾಗಿ ನವಿಲುಗಳು. ನಾಲ್ಕನೆಯದಕ್ಕೆ ಮೂರು ಕಾಲು, ಐದನೆಯದಕ್ಕೆ ತಲೆಯೇ ಇಲ್ಲ.

"ನಾಲ್ಕನೇ ನವಿಲು ನೇಯುವಾಗ ಯೂರಿಯಾ ಓದ್ತಾ ಇದ್ರಂತೆ" ಅಂದರು. "ಐದನೇದಕ್ಕೆ ಬರೋ ಹೊತ್ತಿಗೆ ನೇಯೋನು, ಓದೋಳು, ಕೇಳೋರು ಎಲ್ರೂ ನಿದ್ದೆ. ಬಾವಿ ಕಟ್ಟೆಗೇ ಹತ್ತಿಸಿ ಸ್ವಾಮೀ ಆ ಹುಡುಗೀನ."

೪. ಮೇಕೆ

ಕೊಂಡ್ಲಹಳ್ಳಿ ಕಡೆಯ ಒಬ್ಬ ಕುರಿ ಕಾಯುವವನಿದ್ದ. ಹತ್ತನೇ ಕ್ಲಾಸು ಓದಿದ್ದ, ಕಾದಂಬರಿ ಅಂದರೆ ಪ್ರಾಣ. ಸಂತೆ ದಿನ ಬಂದು ಪುಸ್ತಕ ಒಯ್ಯುತ್ತಿದ್ದ. ಮಂದೆ ಮಧ್ಯಾಹ್ನ ನೆರಳಿಗೆ ಕೂತಾಗ ಅವನೂ ಕೂತು ಓದುತ್ತಿದ್ದ. ನನ್ನ ಒಂಬತ್ತು ಓದುಗರಲ್ಲಿ ಅವನೂ ಒಬ್ಬ.

ಒಂದು ಸಂತೆಯ ದಿನ ತಲೆ ತಗ್ಗಿಸಿಕೊಂಡು ನಿಂತ. "ತಪ್ಪಾಗೋಯ್ತು ಸಾರ್. ಬ್ರಹ್ಮಗಿರಿ ತಾವ ಮಂದೆ ಬಿಟ್ಟು, ಪುಸ್ತಕ ಕಲ್ ಮ್ಯಾಗಿಟ್ಟು ನೀರು ಕುಡಿಯಾಕ್ ಹೋಗಿದ್ದೆ. ಬರೋ ಹೊತ್ಗೆ ಮೇಕೆ ಕೊನೆ ಹನ್ನೆರಡು ಪುಟ ತಿಂದಾಕೈತೆ."

ಒಳ್ಳೆಯ ಸಾಮಾಜಿಕ ಕಾದಂಬರಿ. ಕೊನೆಯಲ್ಲಿ ಕಥಾನಾಯಕಿ ಯಾರನ್ನು ಮದುವೆಯಾಗುತ್ತಾಳೆ ಅನ್ನೋದೇ ಅದರ ಜೀವ. ಜೀವವಿದ್ದ ಜಾಗಕ್ಕೇ ಮೇಕೆ ಬಾಯಿ ಹಾಕಿತ್ತು!

"ಕೊನೆ ನೀನು ಓದಿದ್ದೆಯಾ?"

"ಹೂಂ ಸಾರ್" ಅಂದ, ನೆಲ ನೋಡುತ್ತಾ.

"ಹಾಗಾದ್ರೆ ದಂಡ ಬೇಡ. ಯಾರಾದ್ರೂ ಕೇಳಿದ್ರೆ ಸಂತೆ ದಿನ ಬಂದು ಕೊನೆ ನೀನೇ ಹೇಳಬೇಕು."

ಪುಸ್ತಕದ ರಟ್ಟಿಗೆ ಚೀಟಿ ಅಂಟಿಸಿದೆ: 'ಕೊನೆ ಬೇಕಾದವರು ಸಂತೆ ದಿನ ವಿಚಾರಿಸಿ.' ಬ್ರಹ್ಮಗಿರಿಯಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ರಾಜ ತನ್ನ ಮಾತನ್ನು ಬಂಡೆಯ ಮೇಲೇ ಯಾಕೆ ಕೊರೆಸಿದ ಅಂತ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು ಒಂದು ಗಂಟೆ ಪಾಠ ಮಾಡಿದ್ದರು. ನಿಜವಾದ ಕಾರಣ ನನಗೆ ಅವತ್ತು ಹೊಳೆಯಿತು. ನಮ್ಮ ಕಡೆ ಮೇಕೆ ಜಾಸ್ತಿ.

೫. ಸಾಹೇಬರ ಓದು

ಕೊನೆಗೂ ಮೇಲಿನ ಕಚೇರಿಯಿಂದ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ಬಿಗಿಯಾದ ಮನುಷ್ಯ, ಕಂಕುಳಲ್ಲಿ ಫೈಲು. ರಿಜಿಸ್ಟರು ನೋಡಿ, "ಒಂಬತ್ತೇ ಜನ. ಮುಚ್ಚೋದೇ ಸರಿ" ಅಂದರು.

"ಸಾರ್, ಒಂದು ಹತ್ತು ನಿಮಿಷ ನನ್ನ ಜೊತೆ ಬನ್ನಿ" ಅಂತ ಬೇಡಿಕೊಂಡು ನೇಕಾರರ ಬೀದಿಗೆ ಕರೆದುಕೊಂಡು ಹೋದೆ. ಆ ಸೊಸೆ ಅವತ್ತು ಓದುತ್ತಿದ್ದದ್ದು ಅದೇ ಮೇಕೆ ತಿಂದ ಕಾದಂಬರಿ. ಕಥಾನಾಯಕಿಯನ್ನು ಇಬ್ಬರು ಕೇಳಿಕೊಂಡು ಬಂದಿದ್ದರು, ಒಬ್ಬ ಡಾಕ್ಟರು, ಇನ್ನೊಬ್ಬ ಮೇಷ್ಟ್ರು. ಏಳು ಮಗ್ಗವೂ ನಿಂತಿದ್ದವು. ಸಾಹೇಬರು ಮೊದಲು ಬಾಗಿಲಲ್ಲಿ ನಿಂತರು. ಯಾರೋ ಮಣೆ ಹಾಕಿದರು, ಕೂತರು. ಅತ್ತೆ ಕಾಫಿ ತಂದುಕೊಟ್ಟಳು, ಕುಡಿದರು. ಎರಡು ಗಂಟೆಯ ಬಸ್ಸು ಹೋಯಿತು. ನಾಲ್ಕು ಗಂಟೆಯದೂ ಹೋಯಿತು.

ಆಗ ಸೊಸೆ ಫಟ್ ಅಂತ ಪುಸ್ತಕ ಮುಚ್ಚಿದಳು. "ಉಳಿದಿದ್ದು ನಾಳೆ. ನಾನು ಅನ್ನಕ್ಕಿಡಬೇಕು."

"ನಾಳೆ ನಾನೆಲ್ಲಿ ಬರ್ಲಮ್ಮಾ?" ಅಂದರು ಸಾಹೇಬರು. ಧ್ವನಿಯಲ್ಲಿ ಬಿಗಿ ಇರಲಿಲ್ಲ.

ಅವಳಿಂದ ಪುಸ್ತಕ ಇಸಿದುಕೊಂಡು ಲೈಬ್ರರಿಗೆ ವಾಪಸು ಬಂದು, ಅದನ್ನು ತಮ್ಮ ಹೆಸರಿಗೆ ಬರೆಸಿಕೊಂಡು, ಸಹಿ ಹಾಕಿ ಚೀಲಕ್ಕಿಟ್ಟುಕೊಂಡರು. "ಸಾರ್, ಹಾಗಾದ್ರೆ ಶಾಖೆ?" ಅಂದೆ.

"ಅಷ್ಟು ಜನ ಕೇಳಿದ್ದು ನಾನೂ ನೋಡ್ದೆ. ಆದ್ರೆ ಏನ್ ಮಾಡ್ಲಿ, ಫಾರಂನಲ್ಲಿ ಕಿವಿಗೆ ಕಾಲಂ ಇಲ್ಲ ಕಣ್ರೀ."

ಹದಿನೈದು ದಿನಕ್ಕೆ ಅವರದೇ ಸಹಿಯ ಆರ್ಡರು ಬಂತು: ಈ ತಾರೀಕಿಗೆ ಹೊರಗಿರುವ ಪುಸ್ತಕಗಳೆಲ್ಲ ವಾಪಸು ಬಂದ ಕೂಡಲೇ ಶಾಖೆಯನ್ನು ಮುಚ್ಚತಕ್ಕದ್ದು. ನಾನು ಅಳುಮುಖ ಮಾಡಿಕೊಂಡು ಒಂಬತ್ತು ಮನೆಗೂ ಹೋಗಿ ಪುಸ್ತಕ ತಂದೆ. ಎಲ್ಲಾ ಬಂದವು, ಒಂದನ್ನು ಬಿಟ್ಟು. ಅದು ಯಾರ ಹೆಸರಲ್ಲಿದೆ ಅಂತ ರಿಜಿಸ್ಟರು ನೋಡಿದವನು ಕುರ್ಚಿಯಲ್ಲಿ ಕೂತು ಮನಸಾರೆ ನಕ್ಕೆ.

ಸಾಹೇಬರಿಗೆ ವಿನಯವಾಗಿ ಪತ್ರ ಬರೆದೆ. ಉತ್ತರ ಬಂತು: 'ಓದುತ್ತಿದ್ದೇನೆ. ಮುಗಿದ ಕೂಡಲೇ ಹಿಂತಿರುಗಿಸುತ್ತೇನೆ.' ಮುಂದಿನ ತಿಂಗಳು ಇನ್ನೊಂದು ಪತ್ರ: 'ಕೊನೆಯ ಪುಟಗಳೇ ಇಲ್ಲವಲ್ಲ, ಮುಗಿಸುವುದು ಹೇಗೆ?' ನಾನು ಬರೆದೆ: 'ರಟ್ಟಿನ ಮೇಲಿನ ಚೀಟಿ ನೋಡಬೇಕಾಗಿ ವಿನಂತಿ.'

ಬಂದೇ ಬಂದರು, ಸಂತೆಯ ದಿನ. ಕುರಿಯವನು ಬೆಂಚಿನ ಮೇಲೆ ಕೂತು, ಅವಳು ಡಾಕ್ಟರನ್ನು ಮದುವೆಯಾದ ಕಥೆ ಹೇಳಿದ. ಸಾಹೇಬರಿಗೆ ಸಮಾಧಾನವಾಗಲಿಲ್ಲ. "ಅವಳ ಸ್ವಭಾವಕ್ಕೆ ಅದು ಹೊಂದಲ್ವಲ್ಲಯ್ಯಾ" ಅಂತ ಎರಡು ತಿಂಗಳು ಬಿಟ್ಟು ಮತ್ತೆ ಬಂದರು. ಈ ಸಲ ಅವಳು ಮೇಷ್ಟ್ರನ್ನು ಮದುವೆಯಾದಳು. ಮೂರನೇ ಸಲ ಇಬ್ಬರನ್ನೂ ಬಿಟ್ಟು ಹೊಲಿಗೆ ಮಿಷನ್ ತಗೊಂಡಳು. ಪ್ರತಿ ಸಲವೂ ಪುಸ್ತಕ ಸಾಹೇಬರ ಚೀಲದಲ್ಲೇ ಬರುತ್ತಿತ್ತು, ಚೀಲದಲ್ಲೇ ಹೋಗುತ್ತಿತ್ತು. "ಸಾರ್, ಪುಸ್ತಕ?" ಅಂದರೆ, "ಇನ್ನೂ ಮುಗಿದಿಲ್ಲ ಕಣ್ರೀ." ಅದು ಮುಗಿಯುವವರೆಗೂ ಶಾಖೆ ಮುಚ್ಚುವ ಹಾಗಿಲ್ಲ. ನಾನು ಮನೆಮನೆಯಿಂದ ತಂದಿದ್ದ ಪುಸ್ತಕಗಳನ್ನೆಲ್ಲ ಸದ್ದಿಲ್ಲದೆ ವಾಪಸು ಕೊಟ್ಟೆ. ಬೀದಿಯವರಿಗೂ ನಷ್ಟವಾಗಲಿಲ್ಲ. ಪುಸ್ತಕ ಕೈಲಿಲ್ಲದಿದ್ದರೂ ಸೊಸೆ ಆ ಕಾದಂಬರಿಯನ್ನು ಇನ್ನೆರಡು ತಿಂಗಳು 'ಓದಿದಳು'. ಅದರಲ್ಲಿ ಅತ್ತೆ ಈಗ ಉಪ್ಪಿಟ್ಟನ್ನೂ ಮಾಡತೊಡಗಿದ್ದಳು.

ಹೀಗೇ ವರ್ಷಗಳು ಕಳೆದವು. ಸಾಹೇಬರು ರಿಟೈರಾಗುವ ವಾರ ಬಂತು. ಸಂತೆಯ ದಿನ ಬಂದವರೇ ಪುಸ್ತಕ ತೆಗೆದು ನನ್ನ ಟೇಬಲ್ ಮೇಲಿಟ್ಟರು. ಅದು ವಾಪಸು ಬಂದರೆ ಶಾಖೆಗೆ ಬೀಗವೇ.

"ಇನ್ನು ಇಟ್ಕೊಳ್ಳೋ ಹಾಗಿಲ್ಲ. ಇವತ್ತು ವಾಪಸು ಕೊಟ್ಟೇ ಹೋಗ್ತೀನಿ" ಅಂದರು. ಆಮೇಲೆ ಕುರಿಯವನ ಕಡೆ ತಿರುಗಿದರು. "ಲೇ, ಇಷ್ಟು ವರ್ಷ ಆಟ ಆಡಿಸ್ದೆ. ಈಗಾದ್ರೂ ನಿಜ ಹೇಳು. ಪುಸ್ತಕದಲ್ಲಿ ಇದ್ದಿದ್ದು ಯಾವ ಕೊನೆ?"

ಕುರಿಯವನು ನನ್ನ ಮುಖ ನೋಡಿದ, ಅವರ ಮುಖ ನೋಡಿದ, ಕೊನೆಗೆ ಕೈ ಮುಗಿದುಬಿಟ್ಟ.

"ಕ್ಷಮ್ಸಬೇಕು ಸಾರ್. ದಂಡ ಹಾಕ್ತಾರೆ ಅಂತ ಅವತ್ತು ಹೂಂ ಅಂದೆ. ಕೊನೆ ನಾನು ಓದೇ ಇಲ್ಲ. ಮೇಕೆ ನನಗಿಂತ ಮುಂದೈತೆ."

ಸಾಹೇಬರು ಪುಸ್ತಕ ತೆರೆದು ಮೇಕೆ ಕಡಿದ ಅಂಚನ್ನು ನೋಡುತ್ತ ಕೇಳಿದರು, "ಆ ಮೇಕೆ ಈಗೆಲ್ಲೈತೆ?"

"ಅದು ಯಾವಾಗ್ಲೋ ಹಬ್ಬಕ್ಕೆ ಆಗೋಯ್ತು ಸಾರ್."

ಸಾಹೇಬರು ಪುಸ್ತಕವನ್ನು ಮೆಲ್ಲಗೆ ಎತ್ತಿ ಮತ್ತೆ ಚೀಲಕ್ಕಿಟ್ಟುಕೊಂಡರು. ನನ್ನ ಕಡೆ ನೋಡಿದರು, ಮೀಸೆಯಡಿ ನಗು ಸುಳಿದ ಹಾಗಿತ್ತು. ರಿಜಿಸ್ಟರನ್ನು ತಮ್ಮ ಕಡೆ ಎಳೆದುಕೊಂಡು, ತಮ್ಮ ಹೆಸರಿನ ಮುಂದಿನ ಷರಾ ಕಾಲಂನಲ್ಲಿ ಬರೆದು ಸಹಿ ಹಾಕಿದರು. ನಾನು ರಿಟೈರಾಗುವಾಗ ಮುಂದಿನವನಿಗೆ ಬೀಗದ ಕೈ ಕೊಡೋದಕ್ಕೆ ಮೊದಲು ಆ ಸಾಲನ್ನು ಬೆರಳಿಟ್ಟು ತೋರಿಸಿದೆ. ಶಾಖೆ ಇವತ್ತಿಗೂ ಅದರ ಮೇಲೇ ನಿಂತಿದೆ:

'ಪುಸ್ತಕ ಓದಿ ಮುಗಿದಿಲ್ಲ. ಪೂರ್ತಿ ಓದಿದ ಏಕೈಕ ಓದುಗರು ತೀರಿಕೊಂಡಿರುತ್ತಾರೆ.'