ಮೈಲುತುತ್ತಿನ ಆಕಾಶ

ಅರ್ಧ ಕಲಿತ ವಿದ್ಯೆಯನ್ನು ಮನೆಯವರ ಮೇಲೆ ಪ್ರಯೋಗಿಸುವ ಚಟ ಎಲ್ಲರಿಗೂ ಇದೆ ಎಂದು ಯಾರಾದರೂ ಹೇಳಿದರೆ ನನಗೆ ಸ್ವಲ್ಪ ಸಮಾಧಾನವಾದೀತು. ನಾನು ಹಾರ್ಮೋನಿಯಂ ಕಲಿಯುವಾಗ ನೆರೆಮನೆಯ ದನ ಹಾಲು ಕಡಿಮೆ ಮಾಡಿತೆಂಬ ದೂರು ಬಂದಿತ್ತು. ದನಕ್ಕೆ ಸಂಗೀತ ತಿಳಿಯದು ಎಂದುಕೊಂಡು ಸುಮ್ಮನಾದೆ, ನಾಚಲಿಲ್ಲ. ಆದರೆ ಕ್ಯಾಮೆರಾದ ವಿಷಯ ಬಂದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಅರವತ್ತರ ದಶಕದ ಆರಂಭ. ನಾನು ಪಂಜದಲ್ಲಿ ಶಾಲಾ ಮಾಸ್ತರ. ವರ್ಗವಾಗಿ ಹೊರಟ ಸಹೋದ್ಯೋಗಿಯೊಬ್ಬರು ತಮ್ಮ ಡಬ್ಬಿ ಕ್ಯಾಮೆರಾವನ್ನು ನನಗೆ ದಾಟಿಸಿ, "ಸೂರ್ಯ ನಿಮ್ಮ ಬೆನ್ನಿಗೆ ಇರಲಿ, ಕೈ ನಡುಗಬಾರದು, ಅಷ್ಟೇ ಮಾರಾಯ್ರೆ" ಎಂದು ಪಾಠ ಮುಗಿಸಿದರು. ಅದೇ ವಾರ ತಂಗಿ ದೇವಕಿಗೆ ಜಾಲ್ಸೂರಿನಿಂದ ಸಂಬಂಧ ಬಂತು. ಹುಡುಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದ. ಅವನಿಗೆ ಕಳಿಸಲು ಹುಡುಗಿಯ ಪಟ ಬೇಕಂತೆ. ಪುತ್ತೂರಿನ ಸ್ಟುಡಿಯೋದಲ್ಲಿ, ಹಿಂದೆ ಬಣ್ಣದ ಪರದೆ, ಪಕ್ಕದಲ್ಲಿ ಹೂದಾನಿ ಇಟ್ಟು ಪಟ ತೆಗೆಸಿಕೊಳ್ಳಬೇಕೆಂಬುದು ದೇವಕಿಯ ಬಹುದಿನದ ಆಸೆ. "ಮನೆಯಲ್ಲೇ ನಾನಿರುವಾಗ ಪುತ್ತೂರು ಯಾಕೆ? ಪರದೆ ನಾನೇ ಬರೆಯುತ್ತೇನೆ" ಎಂದುಬಿಟ್ಟೆ.

ಅಮ್ಮನ ಒಳ್ಳೆಯ ಹೊದಿಕೆಯೊಂದು ಪರದೆಯಾಯಿತು. ಬಣ್ಣಕ್ಕೇನು ಬರ? ಅಡಿಕೆಗೆ ಸಿಂಪಡಿಸಲು ತಂದಿಟ್ಟಿದ್ದ ನೀಲಿ ಮೈಲುತುತ್ತಿಗೆ ಸುಣ್ಣ ಬೆರೆಸಿದರೆ ಎಂಥ ಆಕಾಶ! ಕೆಮ್ಮಣ್ಣು ಕಲಸಿದರೆ ಗುಡ್ಡೆ, ಸೊಪ್ಪು ಅರೆದರೆ ಗದ್ದೆ, ಇದ್ದಿಲಿನಿಂದ ಎರಡು ತೆಂಗಿನಮರ. ಕೆಳಗೆ ಮೂಲೆಯಲ್ಲಿ ನನ್ನ ಸಹಿ. ನೀಲಿ ಸಾಲದೆಂದು ನಾನು ಮತ್ತೆ ಮತ್ತೆ ಬಳಿಯುವುದನ್ನು ನೋಡಿ ದೇವಕಿ ಮೆಲ್ಲಗೆ ಕೇಳಿದಳು: "ಅಣ್ಣಾ, ಪಟ ಬರುದು ಕಪ್ಪು ಬಿಳುಪಿನಲ್ಲಿ ಅಲ್ವಾ?"

ಆ ಸಂಗತಿ ನನಗೆ ಹೊಳೆದೇ ಇರಲಿಲ್ಲ. "ಕಲೆ ನಿನಗೆಂತ ಗೊತ್ತುಂಟು, ಸುಮ್ಮನೆ ನಿಲ್ಲು" ಎಂದು ಗದರಿಸಿದೆ. ಅವಳು ಅಮ್ಮನ ಅಂಚಿನ ಸೀರೆ ಉಟ್ಟು ಪರದೆಯ ಮುಂದೆ ನಿಂತಳು. ಸೂರ್ಯ ನನ್ನ ಬೆನ್ನಿಗಿದ್ದ, ಕೈ ನಡುಗಲಿಲ್ಲ. ಸಹಿಯೂ ಪಟದಲ್ಲಿ ಬೀಳಲಿ ಎಂದು ಕ್ಯಾಮೆರಾವನ್ನು ತುಸು ಬಗ್ಗಿಸಿದೆ. ರೀಲನ್ನು ತೊಳೆದು ಪಟ ಮಾಡಿಕೊಡಲೆಂದು ಬಸ್ಸಿನ ಕಂಡಕ್ಟರರ ಕೈಯಲ್ಲಿ ಪುತ್ತೂರಿನ ಸ್ಟುಡಿಯೋಕ್ಕೆ ಕಳಿಸಿದೆ. ಪಟ ಬಂದ ಲಕೋಟೆಯನ್ನು ಒಡೆದೂ ನೋಡದೆ, ಜಾಲ್ಸೂರಿಗೆ ಹೊರಟಿದ್ದ ಸೋದರಮಾವನಿಗೆ ಕೊಟ್ಟೆ. ಅಷ್ಟು ನಂಬಿಕೆ ನನ್ನ ಮೇಲೆ ನನಗೆ.

ಮಾವ ತಿರುಗಿ ಬಂದವರು ಲಕೋಟೆಯನ್ನು ಚಾವಡಿಯಲ್ಲಿ ಇಟ್ಟರು. "ಗುಡ್ಡೆ ಲಾಯ್ಕ ಉಂಟಂತೆ ಮಾರಾಯ. ಆದರೆ ಮದುವೆ ಗುಡ್ಡೆಯೊಟ್ಟಿಗೆ ಅಲ್ವಲ್ಲ, ಹುಡುಗಿ ಎಲ್ಲಿ ಅಂತ ಕೇಳಿದ್ರು."

ತೆಗೆದು ನೋಡಿದೆ. ಗುಡ್ಡೆ ಇತ್ತು, ಗದ್ದೆ ಇತ್ತು, ನನ್ನ ಸಹಿ ಸ್ಪಷ್ಟವಾಗಿತ್ತು. ದೇವಕಿ ಕುತ್ತಿಗೆಯವರೆಗೆ ಮಾತ್ರ ಇದ್ದಳು. ಅಷ್ಟು ಬಳಿದ ಆಕಾಶವೂ ಅವಳ ತಲೆಯ ಜೊತೆಗೇ ಹೋಗಿತ್ತು.

"ಮುಖದಲ್ಲಿ ಎಂತಾದರೂ ಐಬು ಉಂಟಾ, ಅದಕ್ಕೇ ಮುಚ್ಚಿದ್ದಾ ಅಂತಲೂ ಕೇಳಿದ್ರು" ಎಂದರು ಮಾವ. "ಸರಿಯಾದ ಪಟ ಬೇಗ ಬಾರದಿದ್ದರೆ ಅವರು ಬೇರೆ ಕಡೆ ನೋಡ್ತಾರೆ." ಬಾಗಿಲ ಹಿಂದೆ ನಿಂತಿದ್ದ ದೇವಕಿ ಒಳಗೆ ಹೋದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮರುದಿನವೇ ಅವಳನ್ನು ಪುತ್ತೂರಿಗೆ ಕರೆದುಕೊಂಡು ಹೋದೆ. ಅಲ್ಲಿ ತೆಗೆದ ಪಟದಿಂದಲೇ ಮುಂದೆ ಸಂಬಂಧ ಕೂಡಿಬಂತು, ಅದಿರಲಿ. ದೇವಕಿ ಅದೇ ಸೀರೆ ಉಟ್ಟು ಹೂದಾನಿಯ ಪಕ್ಕ ನಿಂತಾಗ ಸ್ಟುಡಿಯೋದವರು ಅವಳನ್ನೇ ದಿಟ್ಟಿಸಿದರು. "ಓ, ಈ ಸೀರೆಯನ್ನು ನಾನೇ ತೊಳೆದು ಕೊಟ್ಟಿದ್ದೇನಲ್ಲ! ತಲೆ ಇಲ್ಲದ ಪಟ! ಅದನ್ನು ತೆಗೆದದ್ದು ಯಾರು ಮಾರಾಯ್ರೆ?"

ನಾನು ಗೋಡೆ ನೋಡಿದೆ.

"ಊರಿಗೆ ಬಂದಿದ್ದ ಯಾರೋ ಒಬ್ಬರು" ಎಂದಳು ದೇವಕಿ, ನನ್ನತ್ತ ತಿರುಗದೆ. "ನಮಗೆ ಅವರ ಗುರ್ತ ಇಲ್ಲ."

"ಮತ್ತೆ ಸಿಕ್ಕಿದರೆ ಹೇಳಿ, ಪುಣ್ಯಾತ್ಮ ಚಿತ್ರ ಮಾತ್ರ ಬರೆದುಕೊಂಡು ಇರಲಿ" ಎಂದು ಅವರು ನನ್ನ ಮುಖ ನೋಡಿ ನಕ್ಕರು. ಖಂಡಿತ ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಅಂದಿನಿಂದ ಆ ಪುಣ್ಯಾತ್ಮನಿಗೆ ಹೇಳುತ್ತಲೇ ಇದ್ದೇನೆ. ದೇವಕಿಯ ಮನೆಗೆ ಹೋಗಿ, ಅಲ್ಲಿ ಗೋಡೆಯ ಮೇಲೆ ನಗುತ್ತಿರುವ ಆ ಪುತ್ತೂರಿನ ಪಟದ ಕೆಳಗೆ ಕಾಫಿ ಕುಡಿಯುವಾಗಲೆಲ್ಲ ಹೇಳುತ್ತೇನೆ. ಆ ಮನುಷ್ಯ ಮಾತ್ರ ನನ್ನ ಲೋಟದಿಂದ ಕಣ್ಣೆತ್ತುವುದಿಲ್ಲ.