ಬಿಳಿಗಾರದ ಸೂರ್ಯ

ಸೂರ್ಯನನ್ನು ಸಾಸಿವೆ ಕಾಳಿನಷ್ಟು ಮಾಡಿ ಡಬ್ಬಿಯೊಳಗೆ ಕೂರಿಸುತ್ತೇನೆ ಎಂದು ಹೊರಟವರನ್ನು ನೀವು ಕಂಡಿದ್ದೀರಾ? ನಾನು ದಿನಾ ಕಾಣುತ್ತೇನೆ. ಅವಳು ನನ್ನ ಮೊಮ್ಮಗಳೇ! ದಾವಣಗೆರೆಯಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಯ ಸೀಟಿಗಾಗಿ ಸಂದರ್ಶನಕ್ಕೆ ತಯಾರಾಗುತ್ತಿದ್ದಳು. "ಮನೆಯ ಹಿರಿಯರಿಗೂ ತಿಳಿಯುವಂತೆ ಹೇಳಲು ಕಲಿ" ಎಂದು ಅವಳ ಮೇಷ್ಟ್ರು ಯಾವ ಗಳಿಗೆಯಲ್ಲಿ ಹೇಳಿದರೋ, ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಮತ್ತೆ ಶಾಲೆ ಶುರುವಾಯಿತು. ರೊಟ್ಟಿ ಬಡಿಯುವಾಗ ಪಾಠ, ಸ್ನಾನಕ್ಕೆ ಹೊರಟರೆ ಬಚ್ಚಲ ಬಾಗಿಲಲ್ಲಿ ಪಾಠ. ಸಾಕಪ್ಪಾ ಸಾಕು!

ಪಾಠ ಇಷ್ಟು: ಸಾಸಿವೆಯಷ್ಟು ಇಂಧನದ ಉಂಡೆಗೆ ಸುತ್ತಲಿಂದ ಲೇಸರ್ ಬೆಳಕು ಬಡಿಯಬೇಕು. ಉಂಡೆ ಕುಗ್ಗಿ, ಒಳಗಿನ ಕಣಗಳು ಬೆಸೆದುಕೊಂಡು, ಸೂರ್ಯನಲ್ಲಿ ಹುಟ್ಟುವಂತೆ ಶಕ್ತಿ ಹುಟ್ಟಬೇಕು. ಅದರಿಂದ ಕರೆಂಟು. ಎಲ್ಲರೂ ಬಳಸುವ ಇಂಧನ ಒಂದಿದೆಯಂತೆ, ಬೇಗ ಹತ್ತಿಕೊಳ್ಳುತ್ತದೆ. ಇವಳಿಗೆ ಅದು ಬೇಡ! ಬೋರಾನೇ ಬೇಕು. ಮಕ್ಕಳ ಬಾಯಿಹುಣ್ಣಿಗೆ ಹಚ್ಚುವ ನಮ್ಮ ಬಿಳಿಗಾರದಲ್ಲಿ ಇರುವುದೂ ಅದೇ ಎಂದು ತೋರಿಸಲು ನನ್ನನ್ನು ಗ್ರಂಧಿಗೆ ಅಂಗಡಿಗೆ ಎಳೆದೊಯ್ದಳು.

"ಕೂಸಿಗೆ ಬಾಯಿಹುಣ್ಣಾಗೈತೇನ್ರಿ ಅಮ್ಮಾರೆ?" ಎಂದ ಅಂಗಡಿಯವ.

"ಇಲ್ರಿ, ಕರೆಂಟ್ ತೆಗೀಬೇಕು," ಎಂದಳು ಇವಳು.

ಅವನು ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಕೊಡಪ್ಪ, ನಾನು ಜೊತಿಗೇ ಅದೀನಿ," ಎಂದೆ. ಇನ್ನೇನು ಹೇಳಲಿ?

ಆಮೇಲೆ ಹರಿಹರದಲ್ಲಿ ನನ್ನ ತಂಗಿಯ ಮನೆ ಮದುವೆ. ಹೆಂಗಸರೆಲ್ಲ ದೊಡ್ಡ ಪರಾತದ ಸುತ್ತ ಕೂತು ಬೂಂದಿ ಲಾಡು ಕಟ್ಟುತ್ತಿದ್ದರು. ಇವಳು ಸುಮ್ಮನಿರಬೇಕೋ ಬೇಡವೋ? ದಪ್ಪನೆಯ ಉಂಡೆಯೊಂದನ್ನು ನಡುವೆ ಇಟ್ಟಳು. "ನಿಮ್ ಬೆರಳೇ ಲೇಸರ್ ಅನ್ಕೊಳ್ರಿ. ಸುತ್ತಲಿಂದ ಒಂದೇ ಸಮ ಒತ್ರಿ!" ಒತ್ತಿದರು. ನನ್ನ ತಂಗಿಯ ಕೈಗೆ ಮಾತ್ರ ಬಲ ಕಮ್ಮಿ. ಉಂಡೆ ಅವಳ ಕಡೆಗೇ ಸಿಡಿದು, ಹಿಂದೆ ನಿಂತಿದ್ದ ಬೀಗರ ಬಿಳಿ ಪಂಚೆಗೆ ಅಂಟಿತು!

"ನೋಡಿದ್ರಾ? ಒಂದ್ ಕಡೆ ಸಡ್ಲಾದ್ರೆ ಹಿಂಗೇ ಆಗೋದು!" ಇವಳು ಖುಷಿಯಿಂದ ಚಪ್ಪಾಳೆ ತಟ್ಟಿದಳು.

"ಅಕ್ಕಾ, ನಿನ್ ಮೊಮ್ಮಗಳನ್ನ ಮೊದ್ಲು ಮನಿಗೆ ಕರ್ಕೊಂಡ್ ಹೋಗು," ಎಂದಳು ತಂಗಿ.

ಸಂದರ್ಶನ ಮನೆಯಲ್ಲೇ, ಮೊಬೈಲಿನಲ್ಲೇ ನಡೆಯಿತು. ನಾನು ಪರದೆಗೆ ಕಾಣದಂತೆ ಪಕ್ಕದಲ್ಲಿ ಕೂತಿದ್ದೆ. ದೊಡ್ಡವರೊಬ್ಬರು ಕೇಳಿದರು: "ಬೋರಾನಿಗೆ ಎಷ್ಟೋ ಪಟ್ಟು ಹೆಚ್ಚು ಶಾಖ ಬೇಕು. ಯಾರಿಗೂ ಇನ್ನೂ ಅದರಿಂದ ಕರೆಂಟು ಸಿಕ್ಕಿಲ್ಲ. ಸುಲಭದ್ದು ಬಿಟ್ಟು ಇದ್ಯಾಕಮ್ಮ?"

ಹೋಯಿತು ಸೀಟು, ಅಂದುಕೊಂಡೆ.

"ಸುಲಭದ್ದು ಉರಿದಾಗ ಹೊಮ್ಮೋ ಕಣಗಳು ಒಲೆ ಗೋಡೇನೇ ವಿಷ ಮಾಡ್ತವೆ ಸಾರ್. ಬೋರಾನಿಂದ ಆ ಕಾಟ ಬಹಳ ಕಮ್ಮಿ. ನಮ್ಮಜ್ಜಿ ಮಂಡಕ್ಕಿ ಭಟ್ಟಿಯಾಗೆ ಸೌದಿ ಬದ್ಲು ಟೈರು ಸುಟ್ಟ ಹೊಗೆ ಕುಡ್ದು ನಮ್ಮನ್ನ ಸಾಕಿದ್ಲು. ಒಲೆ ಮುಂದೆ ನಿಂತೋರನ್ನ ತಿನ್ನದಂಥ ಉರಿ ಬೇಕು ನಂಗೆ."

ನನಗೆ ಕೆಮ್ಮು ಒತ್ತರಿಸಿ ಬಂತು. ಬಾಯಿಗೆ ಸೆರಗು ಒತ್ತಿ ಹಿಡಿದರೂ ನಿಲ್ಲಲಿಲ್ಲ. "ಒಂದ್ ನಿಮಿಷ ಇರ್ರಿ ಸಾರ್," ಎಂದವಳೇ, ಅಷ್ಟು ದೊಡ್ಡವರನ್ನು ಕಾಯಿಸಿ, ನೀರು ತಂದು ನನ್ನ ಬೆನ್ನು ನೀವಿದಳು.

ಸೀಟು ಸಿಕ್ಕಿತು! ಇನ್ನು ವರ್ಷಗಟ್ಟಲೆ ಪಾಠವೇ, ಶಿವನೇ! ಅವಳ ಒಲೆ ಹತ್ತುವ ಹೊತ್ತಿಗೆ ನಾನಿರಲಿಕ್ಕಿಲ್ಲ. ಇರಲಿ. ನಿನ್ನೆ ನಾನೇ ಕರೆದೆ: "ಬಾರೆ ಹುಡುಗಿ, ಆ ಬೋರಾನಿಂದು ಇನ್ನೊಂದ್ಸಲ ಹೇಳು."