ಮುರಿದ ಮೋರಿಯಲ್ಲಿ ಒಂದು ಚೀನೀ ಅಕ್ಷರ

ಲೋಕಯ್ಯ: ನಾನು ಬೋರ್ಡು ಮಾಡ್ಲಿಕ್ಕೆ ಹೇಳಿದ್ದು, ರಮೀಝ್. ಇದು ಎಂತದು, ನಾಲ್ಕು ಕೋಳಿ ಒಟ್ಟಿಗೆ ಕೆದಕಿದ ಹಾಗೆ?

ರಮೀಝ್: ಅಕ್ಷರ, ಲೋಕಯ್ಯಣ್ಣ. ಚೀನೀ ಅಕ್ಷರ.

ಲೋಕಯ್ಯ: ನನ್ನ ಹೆಸರು ಎಲ್ಲಿ ಉಂಟು?

ರಮೀಝ್: ಕೆಳಗೆ ಉಂಟಲ್ಲ, ಎಡಬದಿಯಲ್ಲಿ.

ಲೋಕಯ್ಯ: ಅದು ಹೆಸರಾ? ನಾನು ಇರುವೆ ಸಾಲು ಅಂತ ಆಗಲೇ ಎರಡು ಸರ್ತಿ ಒರಸಿದೆ.

ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಲೋಕಯ್ಯನ ಹೋಟೆಲು. ಒಳಗಿದ್ದ ಎರಡು ಮೇಜುಗಳನ್ನು ಜೋಡಿಸಿ ಅವುಗಳ ಮೇಲೆ ಆರಡಿ ಉದ್ದದ ಫ್ಲೆಕ್ಸ್ ಹಾಸಲಾಗಿತ್ತು. ನಟ್ಟನಡುವೆ ಕೆಂಪು ಬಣ್ಣದಲ್ಲಿ, ಎಮ್ಮೆಯ ತಲೆಯಷ್ಟು ದೊಡ್ಡದಾಗಿ, ಒಂದೇ ಒಂದು ಅಕ್ಷರ: 茶.

ಲೋಕಯ್ಯನ ಸಂಕಟಕ್ಕೆ ಕಾರಣವಿತ್ತು. ಅವನ ಹೋಟೆಲಿನೆದುರು ಬಸ್ಸು ನಿಲ್ಲುವ ಜಾಗದ ಹೆಸರು ‘ಮುರಿದ ಮೋರಿ’. ಮೋರಿ ರಿಪೇರಿಯಾಗಿ ಒಂಬತ್ತು ವರ್ಷವಾದರೂ ಕಂಡಕ್ಟರ್ ವಸಂತ ದಿನಕ್ಕೆ ಆರು ಸಲ ‘ಮುರಿದ ಮೋರಿ, ಮುರಿದ ಮೋರಿ’ ಎಂದು ಕೂಗುವುದನ್ನು ಬಿಟ್ಟಿರಲಿಲ್ಲ. ದೊಡ್ಡದೊಂದು ಬೋರ್ಡು ಕಣ್ಣಿಗೆ ಬಿದ್ದರೆ ಆ ಬಾಯಿ ತಾನಾಗಿ ‘ಲೋಕಯ್ಯ ಹೋಟೆಲ್’ ಎನ್ನಲು ಕಲಿಯುತ್ತದೆ ಎಂಬುದು ಲೋಕಯ್ಯನ ಲೆಕ್ಕ.

ರಮೀಝನ ಸಂಕಟ ಬೇರೆ. ಮೂಡುಬಿದಿರೆಯ ಬಾಸಿತಾಕನ ಬೋರ್ಡಿನ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಅವನದು ಫ್ಲೆಕ್ಸಿನ ಅಂಚಿಗೆ ತೂತು ಹೊಡೆದು, ಹಗ್ಗ ಕಟ್ಟಲು ತಗಡಿನ ಬಳೆ ಕೂರಿಸುವ ಕೆಲಸ. ಬೇರೆಯವರ ಶುಭಾಶಯಗಳಿಗೆ ಹೀಗೆ ತೂತು ಹೊಡೆಯುತ್ತಲೇ ಅವನಿಗೆ ಇಪ್ಪತ್ತಾರು ತುಂಬಿತ್ತು. ಡಿಸೈನ್ ಮಾಡುತ್ತಿದ್ದ ಶಾಹಿದಾ ಮದುವೆಯಾಗಿ ಕನ್ಯಾನಕ್ಕೆ ಹೋದ ಮೇಲೆ ಫ್ಯಾನಿನ ಕೆಳಗಿನ ಕಂಪ್ಯೂಟರ್ ಕುರ್ಚಿ ಖಾಲಿಯಾಗಿತ್ತು. “ಒಂದು ಬೋರ್ಡು ನಿನ್ನ ತಲೆಯಿಂದ ಮಾಡು. ಪಾರ್ಟಿ ಫೋನ್ ಮಾಡಿ ‘ಆಗಬಹುದು’ ಅಂದರೆ ಕುರ್ಚಿ ನಿನಗೆ. ಇಲ್ಲದಿದ್ದರೆ ತೂತೇ ಗತಿ” ಎಂದಿದ್ದರು ಬಾಸಿತಾಕ. ದುಬೈಯಿಂದ ಬಂದ ಒಂದು ಚಹಾ ಡಬ್ಬಿಯ ಮೇಲೆ ಈ ಅಕ್ಷರವನ್ನು ಕಂಡು, ಮೊಬೈಲು ನೋಡಿ ಅಭ್ಯಾಸ ಮಾಡಿ, ರಮೀಝ್ ತನ್ನ ತಲೆಯಲ್ಲಿದ್ದದ್ದನ್ನೆಲ್ಲ ಈ ಆರಡಿಯಲ್ಲಿ ಖಾಲಿ ಮಾಡಿದ್ದ.

ರಮೀಝ್: ನೋಡಿ ಲೋಕಯ್ಯಣ್ಣ, ಅರ್ಥ ಉಂಟು ಇದಕ್ಕೆ. ಮೇಲೆ ಇರುವುದು ಹುಲ್ಲು. ಕೆಳಗೆ ಮರ. ನಡುವೆ ಕಾಲು ಅಗಲ ಮಾಡಿಕೊಂಡು ಇರುವವ ಮನುಷ್ಯ.

ಒಲೆಯ ಹತ್ತಿರ ಗೋಳಿಬಜೆಯ ಹಿಟ್ಟು ಕಲಸುತ್ತಿದ್ದ ಲೋಕಯ್ಯನ ಹೆಂಡತಿ ಸೇಸಮ್ಮ ಕೈಯಲ್ಲಿ ಹಿಟ್ಟು ಇರುವಂತೆಯೇ ಬಂದು ಬಗ್ಗಿ ನೋಡಿದಳು.

ಸೇಸಮ್ಮ: ಕೆಲಸ ಬಿಟ್ಟು ಮರದಡಿಯಲ್ಲಿ ಕಾಲು ಚಾಚಿ ಕೂತಿದ್ದಾನಾ? ಹಾಗಾದರೆ ಇವರ ಫೋಟೋವೇ. ನೀವು ಸುಮ್ಮನೆ ಹೆಸರು ಎಲ್ಲಿ, ಹೆಸರು ಎಲ್ಲಿ ಅಂತ ಹುಡುಕುವುದು.

ರಮೀಝ್: ಮರದಡಿಯಲ್ಲಿ ಅಲ್ಲ ಸೇಸಕ್ಕ, ಮರದ ಮೇಲೆ.

ಸೇಸಮ್ಮ: ಮೇಲೆಯಾ? ಹಾಗಾದರೆ ಇವರಲ್ಲ. ಇವರು ಸ್ಟೂಲಿನ ಮೇಲೆ ಹತ್ತುವುದಿಲ್ಲ.

ಲೋಕಯ್ಯ: ನೀನು ಹಿಟ್ಟು ಕಲಸು ಮಾರಾಯ್ತಿ. ಹುಲ್ಲು, ಮನುಷ್ಯ, ಮರ. ಸರಿ. ಎಲ್ಲ ಸೇರಿ ಎಂತ ಆಯ್ತು? ತೋಟವಾ?

ರಮೀಝ್: ಟೀ.

ಲೋಕಯ್ಯ: ಹಾಲು ಎಲ್ಲಿ?

ರಮೀಝ್: ಅವರು ಹಾಲು ಹಾಕುವುದಿಲ್ಲ.

ಲೋಕಯ್ಯ: ಸಕ್ಕರೆ?

ರಮೀಝ್: ಅದೂ ಇಲ್ಲ.

ಲೋಕಯ್ಯ: ಹಾಲಿಲ್ಲ, ಸಕ್ಕರೆ ಇಲ್ಲ. ಅದನ್ನು ಇಲ್ಲಿ ಕಷಾಯ ಅಂತ ಹೇಳ್ತಾರೆ, ಜ್ವರ ಬಂದವರಿಗೆ ಕೊಡ್ತಾರೆ.

ರಮೀಝ್: ನೀವು ಹೇಳಿದ್ದು ಸರಿಯೇ ಉಂಟು. ಹಿಂದಿನ ಕಾಲದಲ್ಲಿ ಈ ಅಕ್ಷರಕ್ಕೆ ಒಂದು ಗೆರೆ ಜಾಸ್ತಿ ಇತ್ತಂತೆ. ಆಗ ಅದಕ್ಕೆ ಕಹಿ ಸೊಪ್ಪು ಅಂತ ಅರ್ಥ. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಒಂದು ಗೆರೆ ತೆಗೆದು ಟೀ ಮಾಡಿದ್ದು.

ಸೇಸಮ್ಮ: ಅಷ್ಟೇಯಾ? ನಾನು ಹಾಲು, ಸಕ್ಕರೆ, ಶುಂಠಿ ಎಲ್ಲ ಹಾಕಿದ ಮೇಲೂ ಇವರು ಕಹಿ ಅಂತ ಹೇಳ್ತಾರೆ.

ಲೋಕಯ್ಯ: ಅದನ್ನು ಓದುವುದು ಹೇಗೆ?

ರಮೀಝ್ ಇದೇ ಪ್ರಶ್ನೆಗೆ ಕಾದಿದ್ದ. ಗಂಟಲು ಸರಿಮಾಡಿಕೊಂಡ. ಅಂಗಡಿಯ ಹಿಂದೆ, ಊಟದ ಹೊತ್ತಿನಲ್ಲಿ, ಸ್ವರವನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಅಭ್ಯಾಸ ಮಾಡಿದ್ದನ್ನು ಈಗ ಕಣ್ಣು ಮುಚ್ಚಿ ಹೇಳಿದ.

ರಮೀಝ್: ಚಾ.

ಲೋಕಯ್ಯ ಗ್ಲಾಸಿಗೆ ಕೈ ಹಾಕಿದ.

ಲೋಕಯ್ಯ: ಚಾ ಬೇಕಾ ನಿನಗೆ?

ರಮೀಝ್: ಅಲ್ಲ. ಅದನ್ನು ಓದುವುದೇ ಹಾಗೆ. ಚಾ.

ಲೋಕಯ್ಯ: ಅದು ನಾವು ಹೇಳುವುದಲ್ವಾ?

ರಮೀಝ್: ಅವರು ಹೇಳುವುದೂ ಅದೇ. ಅಲ್ಲಿಂದ ನಮಗೆ ಬಂದದ್ದು.

ಲೋಕಯ್ಯ: ಹಾಗಾದರೆ ನಾನು ಐವತ್ತೆಂಟು ವರ್ಷದಿಂದ ಚೀನೀ ಭಾಷೆ ಮಾತಾಡ್ತಾ ಇದ್ದೇನೆ. ನಿನಗೆ ಕಲೀಲಿಕ್ಕೆ ಎಷ್ಟು ದಿನ ಹಿಡೀತು?

ರಮೀಝ್: ಹನ್ನೊಂದು.

ಸೇಸಮ್ಮ: ಚಾ ಅನ್ಲಿಕ್ಕೆ ಹನ್ನೊಂದು ದಿನ. ನಮ್ಮ ಮೊಮ್ಮಗಳು ಮೋಕ್ಷಿತಾ ಒಂದೂವರೆ ವರ್ಷಕ್ಕೇ ಹೇಳಿದ್ದಾಳೆ, ಹಲ್ಲು ಕೂಡ ಪೂರ್ತಿ ಬಂದಿರಲಿಲ್ಲ.

ಕಂಪ್ಯೂಟರ್ ಕುರ್ಚಿ ತನ್ನ ಕಡೆಗೆ ಬೆನ್ನು ಹಾಕಿ ಹೊರಟುಹೋಗುತ್ತಿರುವುದು ರಮೀಝನಿಗೆ ಕಂಡಿತು. ಅವನು ಕೊನೆಗೆಂದು ಇಟ್ಟುಕೊಂಡಿದ್ದ ಅಸ್ತ್ರವನ್ನು ತೆಗೆದ.

ರಮೀಝ್: ಇನ್ನೊಂದು ಉಂಟು. ಮೇಲಿನ ಹುಲ್ಲನ್ನು ಚೀನೀ ಅಂಕೆಯಾಗಿ ಓದಿದರೆ ಎರಡು ಹತ್ತು, ಇಪ್ಪತ್ತು. ಕೆಳಗಿನದ್ದು ಎಂಬತ್ತೆಂಟು. ಕೂಡಿಸಿ.

ಲೋಕಯ್ಯ: ನೂರ ಎಂಟು.

ರಮೀಝ್: ಅಲ್ಲಿ ನೂರ ಎಂಟು ವರ್ಷ ಬದುಕಿದರೆ ಅದಕ್ಕೆ ಚಾ ಆಯುಷ್ಯ ಅಂತ ಹೇಳ್ತಾರೆ. ನಿಮ್ಮ ಹೋಟೆಲಿಗೆ ಬಂದವನಿಗೆ ನೂರ ಎಂಟು ವರ್ಷ ಆಯುಷ್ಯ ಅಂತ ಬೋರ್ಡೇ ಹೇಳ್ತದೆ.

ಸೇಸಮ್ಮ: ನೂರ ಎಂಟು ಆಂಬುಲೆನ್ಸಿನದ್ದು ಅಲ್ವಾ?

ಲೋಕಯ್ಯ: ಹೌದಲ್ಲಾ. ಹೋಟೆಲಿನ ಬೋರ್ಡಿನಲ್ಲಿ ಆಂಬುಲೆನ್ಸಿನ ನಂಬ್ರ ಹಾಕಿದ್ದೀಯಾ ಮಾರಾಯ?

ರಮೀಝ್: ಅದು ಯಾರಿಗೆ ಗೊತ್ತಾಗ್ತದೆ ಲೋಕಯ್ಯಣ್ಣ, ಚೀನಾದವರಿಗೆ ಮಾತ್ರ.

ಲೋಕಯ್ಯ: ಗೊತ್ತಾಗದಿದ್ದರೆ ಬರೆದದ್ದು ಯಾಕೆ? ಗೊತ್ತಾದರೆ ತಿಂಡಿ ಯಾರು ತಿಂತಾರೆ?

ರಮೀಝ್ ಫ್ಲೆಕ್ಸಿನ ಒಂದು ತುದಿ ಎತ್ತಿ ಹಿಡಿದ.

ರಮೀಝ್: ಒಂದು ಕೆಲಸ ಮಾಡುವ. ಒಂದು ಗಂಟೆ ಕಟ್ಟಿ ನೋಡುವ. ಜನ ಬೇಡ ಅಂದರೆ ನಾನೇ ಬಿಚ್ಚಿ ಸುತ್ತಿಕೊಂಡು ಹೋಗ್ತೇನೆ. ತೂತು ನಾನೇ ಹೊಡೆದದ್ದು, ಬಿಚ್ಚಲಿಕ್ಕೆ ಗೊತ್ತುಂಟು.

ಬೋರ್ಡು ಮುಂದಿನ ಚಾವಣಿಯ ಕಂಬಗಳಿಗೆ ಏರಿತು. ಹತ್ತು ನಿಮಿಷಕ್ಕೆ ವೇಣೂರಿಗೆ ಹೋಗುವ ಬಸ್ಸು ಬಂದು ನಿಂತಿತು. ಕಂಡಕ್ಟರ್ ವಸಂತ ಬಾಗಿಲಿನಿಂದ ‘ಮುರಿದ ಮೋರಿ’ ಎಂದು ಕೂಗಿ ಇಳಿದವನು ಬೋರ್ಡು ನೋಡಿ ಅಲ್ಲೇ ನಿಂತ.

ವಸಂತ: ಲೋಕಯ್ಯಣ್ಣ, ಹೇಳದೆ ಕೇಳದೆ ಶುರು ಮಾಡಿದಿರಾ? ಎರಡು ಗೋಬಿ ಮಂಚೂರಿ ಕಟ್ಟಿ. ಒಂದು ಡ್ರೈವರಿಗೆ.

ಲೋಕಯ್ಯ: ಮಂಚೂರಿ ಎಲ್ಲಿ ಉಂಟು ಇಲ್ಲಿ?

ವಸಂತ: ಇಷ್ಟು ದೊಡ್ಡದಾಗಿ ಹಾಕಿದ್ದೀರಲ್ಲ, ಚೈನೀಸು.

ಲೋಕಯ್ಯ: ಅದು ಚಾ.

ವಸಂತ: ಚೈನೀಸ್ ಚಾವಾ? ಅದಕ್ಕೆ ಸಾಸ್ ಹಾಕ್ತೀರಾ?

ಲೋಕಯ್ಯ ರಮೀಝನನ್ನು ನೋಡಿದ. ರಮೀಝ್ ನೆಲ ನೋಡಿದ. ಕಿಟಕಿಯಿಂದ ಇಬ್ಬರು ಪ್ರಯಾಣಿಕರು ನೂಡಲ್ಸ್ ಉಂಟಾ ಎಂದು ಕೇಳಿದರು. ಸೇಸಮ್ಮ ಗೋಳಿಬಜೆಯನ್ನು ಕಾಗದದಲ್ಲಿ ಕಟ್ಟಿ ವಸಂತನ ಕೈಗೆ ತುರುಕಿದಳು.

ಸೇಸಮ್ಮ: ತಗೊಳ್ಳಿ, ಚೀನಾದಲ್ಲಿ ಇದಕ್ಕೇ ಜನ ಕ್ಯೂ ನಿಲ್ತಾರೆ.

ವಸಂತ: ನಮ್ಮ ಗೋಳಿಬಜೆಯ ಹಾಗೇ ಉಂಟಲ್ಲ ಸೇಸಕ್ಕ.

ಸೇಸಮ್ಮ: ಅಲ್ಲಿಯವರೂ ಹಾಗೇ ಹೇಳ್ತಾರಂತೆ.

ಬಸ್ಸು ಹೋಯಿತು. ಲೋಕಯ್ಯ ಸ್ಟೂಲು ತಂದು ಕಂಬದ ಬುಡದಲ್ಲಿಟ್ಟ.

ಲೋಕಯ್ಯ: ಬಿಚ್ಚು.

ರಮೀಝ್: ಒಂದು ಗಂಟೆ ಹೇಳಿದ್ದು ಲೋಕಯ್ಯಣ್ಣ. ಇನ್ನೂ ನಲವತ್ತೈದು ನಿಮಿಷ ಉಂಟು.

ಲೋಕಯ್ಯ: ನಲವತ್ತೈದು ನಿಮಿಷದಲ್ಲಿ ಎಂತ ಆಗ್ಲಿಕ್ಕುಂಟು? ಆಗ್ಲೇ ಮಂಚೂರಿ ಆಗಿದೆ, ನೂಡಲ್ಸ್ ಆಗಿದೆ. ಇನ್ನು ಯಾರಾದರೂ ಕಪ್ಪೆ ಉಂಟಾ ಅಂತ ಕೇಳುವುದಕ್ಕೆ ಕಾಯಬೇಕಾ?

ಆದರೂ ಮಾತು ಮಾತೇ ಎಂದು ಅವನು ಗಡಿಯಾರದ ಕೆಳಗೆ ಕುಳಿತ. ರಮೀಝ್ ಸ್ಟೂಲಿನ ಮೇಲೆಯೇ ಕುಳಿತು ಉಗುರು ಕಚ್ಚಿದ. ನಿವೃತ್ತಿಯವರೆಗೆ ಇನ್ನೆಷ್ಟು ತೂತು ಹೊಡೆಯಬೇಕಾದೀತೆಂದು ಎಣಿಸಲು ಹೋಗಿ, ಲಕ್ಷದ ಹತ್ತಿರ ಬಿಟ್ಟುಬಿಟ್ಟ. ಒಂದು ಗಂಟೆ ತುಂಬಲು ನಾಲ್ಕು ನಿಮಿಷವಿರುವಾಗ ಅದೇ ಬಸ್ಸು ವೇಣೂರಿನ ಕಡೆಯಿಂದ ಹಿಂದಕ್ಕೆ ಬರುವ ಸದ್ದು ಕೇಳಿಸಿತು. ತಿರುವಿನಲ್ಲೇ ವಸಂತನ ದನಿ ಬಸ್ಸಿಗಿಂತ ಮುಂಚೆ ಬಂತು.

ವಸಂತ: ಚೈನಾ, ಚೈನಾ, ಚೈನಾ. ಚೈನಾ ಇಳಿಯುವವರು ಮುಂದೆ ಬನ್ನಿ.

ಲೋಕಯ್ಯ ಎದ್ದು ನಿಂತ. ಕಿವಿ ಚೂಪು ಮಾಡಿದ.

ಲೋಕಯ್ಯ: ಮೋರಿ ಅಂದನಾ?

ರಮೀಝ್: ಇಲ್ಲ.

ಲೋಕಯ್ಯ: ಮೋರಿ ಅನ್ನಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸರ್ತಿ ಮೋರಿ ಅನ್ನಲಿಲ್ಲ.

ರಮೀಝ್: ನಿಮ್ಮ ಹೆಸರೂ ಅನ್ನಲಿಲ್ಲ, ಲೋಕಯ್ಯಣ್ಣ.

ಲೋಕಯ್ಯ: ನಾನು ಒಂದು ಹೋಟೆಲಿನ ಹೆಸರು ಕೇಳಿದ್ದು. ಅವ ಒಂದು ದೇಶವನ್ನೇ ಕೊಟ್ಟ. ನಿನ್ನ ಧಣಿಗೆ ಫೋನ್ ಮಾಡು.

ರಮೀಝ್ ನಂಬರು ಒತ್ತಿ ಮೊಬೈಲು ಕೊಟ್ಟ.

ಲೋಕಯ್ಯ: ಹಲೋ, ಬಾಸಿತಾಕ, ಚೈನಾದಿಂದ ಲೋಕಯ್ಯ ಮಾತಾಡುವುದು. ಅಲ್ಲ, ಟೂರ್ ಅಲ್ಲ. ಬೋರ್ಡು ಆಗಬಹುದು. ಹುಡುಗನನ್ನು ಕುರ್ಚಿಯಲ್ಲಿ ಕೂರಿಸಿ. ಇನ್ನೊಂದು ಬೋರ್ಡು ಬೇಕು, ‘ಮಂಚೂರಿ ಇಲ್ಲ’ ಅಂತ. ಅದನ್ನು ಮಾತ್ರ ಕನ್ನಡದಲ್ಲಿ ಮಾಡ್ಲಿಕ್ಕೆ ಹೇಳಿ.

ಅಷ್ಟರಲ್ಲಿ ಬಸ್ಸಿನಿಂದ ಇಳಿದಿದ್ದ ಅಮ್ಮಣ್ಣಿ, ಮೋರಿಯ ಆಚೆ ಬದಿಯ ಮನೆಯ ಮುದುಕಿ, ಚೀಲವನ್ನು ಎದೆಗೆ ಒತ್ತಿಕೊಂಡು ಬೋರ್ಡನ್ನೂ ಹೊರಟುಹೋದ ಬಸ್ಸನ್ನೂ ನೋಡುತ್ತ ನಿಂತಿದ್ದಳು.

ಅಮ್ಮಣ್ಣಿ: ಸೇಸಮ್ಮ, ನಾನು ಮುರಿದ ಮೋರಿಗೆ ಟಿಕೆಟ್ ತೆಗೆದದ್ದು. ಇವ ಚೈನಾದಲ್ಲಿ ಇಳಿಸಿ ಹೋದ. ಇಲ್ಲಿಂದ ನಮ್ಮ ಕಡೆಗೆ ಬಸ್ಸು ಎಷ್ಟು ಗಂಟೆಗೆ?

ಸೇಸಮ್ಮ: ಒಳಗೆ ಬಂದು ಕೂತ್ಕೊಳ್ಳಿ ಅಮ್ಮಣ್ಣಿಯಕ್ಕ. ಇಷ್ಟು ದೂರ ಬಂದು ಚಾ ಕುಡಿಯದೆ ಹೋಗ್ಲಿಕ್ಕುಂಟಾ?